ಪಳಂಚಂದದಲ್ಲಿ ಎರಡು ನಿಮಿಷ

ಪಳಂಚಂದ
9 ಜನವರಿ 2024

ಚಿ. ಸೌ. ಮಹತಿಗೆ ಸೋದರಮಾವ ಹಯವದನನ ತುಂಬು ಆಶೀರ್ವಾದ. ಸಂಹಿತಾ ಮಗುವಿಗೆ ಒಂದು ಮುದ್ದು ಹೆಚ್ಚಿಗೆ.

ನೀನು ಫೋನು ಮಾಡಿದ್ದು ಗೊತ್ತಾಯಿತು, ಹೇಳಿದ್ದು ಅರ್ಧ ಮಾತ್ರ ಗೊತ್ತಾಯಿತು. ಗಾಡಿಗಳ ಕೂಗು ಕೇಳಿ ಕೇಳಿ ಸವೆದ ಕಿವಿ ಇದು. ಎದುರು ಅಂಗಡಿಯ ಕಾರ್ತಿಕೇಯನ ಕೈಗೆ ಫೋನು ಕೊಟ್ಟೆ. ಅವನು ಕೇಳಿ, ನನ್ನ ಕಿವಿಗೆ ಬಾಯಿಟ್ಟು, ಸಂತೆಯಲ್ಲಿ ನೇಂದ್ರಬಾಳೆ ಹರಾಜು ಹಾಕುವ ಸ್ವರದಲ್ಲಿ ಕೂಗಿ ಹೇಳಿದ. ನಿಮ್ಮಮ್ಮನ ಎದೆಯಲ್ಲಿ ಗಡ್ಡೆ ಎಂಬುದು ನನಗಿಂತ ಮೊದಲು ಬೀದಿಗೇ ತಿಳಿಯಿತು. ಇನ್ನು ಏನಿದ್ದರೂ ಕಾಗದದಲ್ಲಿ ಬರೆ ಮಗಾ. ಕಾಗದ ಕೂಗುವುದಿಲ್ಲ.

ಮೂರು ವಾರಕ್ಕೊಮ್ಮೆ ನನ್ನ ತಂಗಿ ನಿಮ್ಮಿ ಕಾಸರಗೋಡಿನಿಂದ ತಿರುವನಂತಪುರದ ದೊಡ್ಡಾಸ್ಪತ್ರೆಗೆ ಬರಬೇಕು, ಔಷಧ ಏರಿಸಿಕೊಂಡು ನಿನ್ನ ಮನೆಯಲ್ಲಿ ನಾಲ್ಕು ದಿನ ಇದ್ದು ಹಿಂದೆ ಹೋಗಬೇಕು, ಮಲಗಿದರೆ ಉಸಿರು ಕಟ್ಟುವುದರಿಂದ ರಾತ್ರಿ ಗಾಡಿ ಬೇಡ, ಹಗಲು ಗಾಡಿಯೇ ಆಗಬೇಕು. ಇಷ್ಟು ನನಗೆ ಅರ್ಥವಾದದ್ದು. ಸರಿಯೋ?

ಹಾಗಾದರೆ ಆ ಗಾಡಿ ನನ್ನ ಮನೆಯ ಮುಂದೆಯೇ ಬರುತ್ತದೆ. ಮಧ್ಯಾಹ್ನ ಊಟದ ಹೊತ್ತಿಗೆ ಪಳಂಚಂದದಲ್ಲಿ ಎರಡು ನಿಮಿಷ ನಿಲ್ಲುತ್ತದೆ.

ಅಪ್ಪಯ್ಯ ಉಡುಪಿಯಿಂದ ಬಂದು ಇಲ್ಲಿ ತಿಂಡಿಯಂಗಡಿ ಹಾಕಿದ ಕಾಲದಲ್ಲಿ ಗಾಡಿಗೆ ಅವಸರವಿರಲಿಲ್ಲ. ಆಲುವ ದಾಟುವ ಮೊದಲು ಇಂಜಿನಿಗೆ ನೀರು ತುಂಬಿಸುತ್ತಿದ್ದದ್ದು ಇಲ್ಲಿ. ಇಂಜಿನ್ ನೀರು ಕುಡಿಯುವಷ್ಟರಲ್ಲಿ ಜನ ಇಳಿದು ಕಾಫಿ ಕುಡಿದು, ಇಡ್ಲಿ ತಿಂದು, ಕೈ ತೊಳೆದು, ಅಪ್ಪಯ್ಯನ ಹತ್ತಿರ ಊರ ಸುದ್ದಿ ಮಾತಾಡಿ ಹತ್ತುತ್ತಿದ್ದರು. ಇಲ್ಲಿಯ ಬುಧವಾರದ ಸಂತೆಯ ನೇಂದ್ರ ಬಾಳೆಗೊನೆ, ಶುಂಠಿ, ಚಾಪೆ ಎಲ್ಲ ಪಾರ್ಸೆಲ್ ಡಬ್ಬಿಯಲ್ಲೇ ಹೋಗಬೇಕಿತ್ತು. ಪಾರ್ಸೆಲ್ ಆಫೀಸು, ತಂಗುವ ಕೋಣೆ, ಪುಸ್ತಕದ ತಳ್ಳುಗಾಡಿ ಎಲ್ಲ ಇತ್ತು. ಐದನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಓದಲು ಕಲಿತದ್ದು ಮಂಗಳೂರು ಕಡೆಯವರು ಸೀಟಿನ ಮೇಲೆ ಬಿಟ್ಟುಹೋದ ವಾರಪತ್ರಿಕೆಗಳಿಂದ. ಧಾರಾವಾಹಿಯ ನಡುವಿನ ಒಂದು ಕಂತು ಸಿಗುತ್ತಿತ್ತು, ಹಿಂದಿನದ್ದು ಮುಂದಿನದ್ದು ನಾನೇ ಕಟ್ಟಿಕೊಳ್ಳುತ್ತಿದ್ದೆ. ಈಗ ಗೊನೆಗಳು ಲಾರಿಯಲ್ಲಿ ಹೋಗುತ್ತವೆ. ಪಾರ್ಸೆಲ್ ಆಫೀಸಿನಲ್ಲಿ ಪಾರಿವಾಳ. ಟಿಕೆಟ್ ಕೊಡುವ ಕಿಂಡಿ ಒಂದು ಉಳಿದಿದೆ, ಅದೂ ಅರ್ಧ ದಿನ.

ನಿಮ್ಮಮ್ಮನ ಮಾತಿಗೆ ಬರುತ್ತೇನೆ. ನಿನಗೆ ಗೊತ್ತಿದ್ದದ್ದೇ, ಆದರೆ ನನ್ನ ಕಡೆಯಿಂದ ನೀನು ಕೇಳಿಲ್ಲ. ರೈಲ್ವೆಯವರು ಅಂಗಡಿಯ ಗುತ್ತಿಗೆ ಹೊಸದಾಗಿ ಕರೆದಾಗ ನಿಯಮ ಬದಲಾಗಿತ್ತು. ಆಮ್ಲೆಟ್, ಮೊಟ್ಟೆ ಕರಿ ಮಾರಲು ಒಪ್ಪಿದವರಿಗೆ ಮಾತ್ರ ಅಂಗಡಿ. ನನ್ನ ಕೈಕೆಳಗೆ ಎಂಟು ಜನ ಇದ್ದರು. ಒಪ್ಪಿದೆ. ಬೇರೆ ಒಲೆ, ಬೇರೆ ಕಾವಲಿ, ಬೇರೆ ಆಳು. ನಿಮ್ಮಿ ಕೇಳಲಿಲ್ಲ. "ಅಪ್ಪಯ್ಯ ಇಡ್ಲಿ ಬೇಯಿಸಿದ ಜಾಗದಲ್ಲಿ ಮೊಟ್ಟೆ ಒಡೆದವನ ಕೈಯ ತುತ್ತು ನನ್ನ ಬಾಯಿಗೆ ಬೀಳುವುದಿಲ್ಲ" ಎಂದಳು. ಅಂದವಳು ನಡೆಸಿದಳು. ನಿನ್ನತ್ತೆ ಮೋಹಿನಿ ತೀರಿಕೊಂಡಾಗ ಬಂದು ಹೊರಜಗಲಿಯಲ್ಲಿ ಕೂತು ಅತ್ತು, ನೀರು ಸಹ ಮುಟ್ಟದೆ ಸಂಜೆಯ ಗಾಡಿ ಹತ್ತಿದಳು. ಕೊರೋನ ಬಂದಾಗ ಅಂಗಡಿ ಹೋಯಿತು, ಮೊಟ್ಟೆಯೂ ಹೋಯಿತು. ಮಾತು ಮಾತ್ರ ಉಳಿಯಿತು.

ಈಗ ನನಗೆ ಒಂದೇ ಆಸೆ. ಅವಳು ನನ್ನ ಕೈಯಿಂದ ಒಮ್ಮೆ ಉಣ್ಣಬೇಕು. ಹೊಸ ಪಾತ್ರೆ ತೆಗೆದಿಟ್ಟಿದ್ದೇನೆ, ಅಂಗಡಿಯ ಗಾಳಿ ಸಹ ತಾಗದ್ದು. ಬೋಗಿ ಯಾವುದು, ಕಿಟಕಿ ಯಾವ ಬದಿ, ಅಷ್ಟು ಬರೆ.

ನಿನ್ನ ಮಾವ
ಹಯವದನ

*

ಶ್ರೀಕಾರ್ಯಂ
ತಿರುವನಂತಪುರ
30 ಜನವರಿ 2024

ಪ್ರೀತಿಯ ಮಾವನಿಗೆ ಮಹತಿಯ ನಮಸ್ಕಾರ.

ಅಮ್ಮ ಬಂದು ಹೋದಳು. ಮೊದಲ ಸಲದ ಔಷಧ ಏರಿಸಿದ್ದಾಯಿತು. ವಾಂತಿ, ಸುಸ್ತು ಎಲ್ಲ ಇತ್ತು, ಡಾಕ್ಟರು ಹೀಗೇ ಇರುತ್ತದೆ ಎಂದರು.

ನೀವು ಕೊಟ್ಟ ಪೊಟ್ಟಣ ಖಾಲಿಯಾಗಿ ಬಂತು. ಬಾಳೆಲೆ ಮಡಚಿ ಚೀಲದಲ್ಲೇ ಇಟ್ಟುಕೊಂಡಿದ್ದಳು. "ಕೊಟ್ಟೆ ಕಡುಬು ಮಾಡಿದ್ದಾನೆ ನಿನ್ನ ಮಾವ" ಎಂದಳು. ಅಷ್ಟೇ. ನಾನು ಹೆಚ್ಚು ಕೇಳಲಿಲ್ಲ. ಹೆಚ್ಚು ಕೇಳಿದರೆ ಅವಳು ಮತ್ತೆ ಟೀಚರ್ ಆಗಿಬಿಡುತ್ತಾಳೆ.

ನನ್ನ ಮನೆಯವರು ಅಜಿತ್ ಆ ದಿನ ಬಾಹ್ಯಾಕಾಶ ಕೇಂದ್ರದ ಕೆಲಸ ಬಿಟ್ಟು ತಂಪಾನೂರಿನ ಸ್ಟೇಷನಿಗೆ ಹೋಗಿ ಕರೆದುಕೊಂಡು ಬಂದರು. ಸಂಹಿತಾ ಅಜ್ಜಿಯ ಹತ್ತಿರ ಮಲಯಾಳದಲ್ಲೇ ಮಾತಾಡುತ್ತಾಳೆ. ಅಮ್ಮ ಕನ್ನಡದಲ್ಲಿ ಕೇಳುವುದು, ಅವಳು "ವೇಂಡ ಅಮ್ಮೂಮ್ಮ" ಎನ್ನುವುದು. "ಬೇಡ ಅನ್ನಲಿಕ್ಕೆ ಬಾಯಿ ನೋಯ್ತದಾ ನಿಂಗೆ?" ಎಂದು ಗದರಿಸಿದಳು. ಮನೆಯಲ್ಲಿ ಬಹಳ ದಿನಗಳ ಮೇಲೆ ನಗು ಕೇಳಿತು.

ಮುಂದಿನ ಬೋಗಿಯ ವಿವರ ಬೇರೆ ಚೀಟಿಯಲ್ಲಿ ಇಟ್ಟಿದ್ದೇನೆ.

ನಿಮ್ಮ
ಮಹತಿ

*

ಪಳಂಚಂದ
15 ಫೆಬ್ರವರಿ 2024

ಚಿ. ಸೌ. ಮಹತಿಗೆ ಆಶೀರ್ವಾದ.

ಖಾಲಿಯಾಗಿ ಬಂತು ಎಂದು ನೀನು ಬರೆದ ಸಾಲನ್ನು ಎಷ್ಟು ಸಲ ಓದಿದೆನೋ. ಕಾರ್ತಿಕೇಯನಿಗೂ ಓದಿ ಹೇಳಿದೆ, ಅವನಿಗೆ ಕನ್ನಡ ಬಾರದು ಎಂಬುದು ಆಮೇಲೆ ನೆನಪಾಯಿತು. ಅವನು ಪಾಪ, ತಲೆಯಾಡಿಸಿದ.

ಈ ಸಲ ಪತ್ರೊಡೆ ಮಾಡಿದೆ. ಹಿತ್ತಲ ಬಾವಿಕಟ್ಟೆಯ ಬದಿ ಕೆಸುವಿನ ಎಲೆ ಯಾವ ಕಾಲಕ್ಕೂ ಇದೆ. ಗೆಡ್ಡೆಗೆಣಸಿನ ಸಂಶೋಧನೆ ಮಾಡುವ ನಿಮ್ಮ ಆಫೀಸಿನವರು ಬಂದು ನೋಡಬೇಕು ಅದನ್ನು. ಬೆಳಿಗ್ಗೆ ಮಿಂದು, ಒದ್ದೆ ಪಂಚೆ ಉಟ್ಟುಕೊಂಡು ಅರೆದು, ಸುತ್ತಿ, ಬೇಯಿಸಿ, ಅದೇ ಪಂಚೆಯಲ್ಲಿ ಸ್ಟೇಷನಿಗೆ ಓಡಿದೆ. ಯಾರಿಗೂ ತಾಗಬಾರದು ಎಂದು ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ಹೋದರೆ ಪೊಲೀಸಿನವ ಸೀಟಿ ಊದಿದ. ಕೇಳಿಸಲಿಲ್ಲ. ಓಡಿ ಬಂದು ರಟ್ಟೆ ಹಿಡಿದು ಎಳೆದ. ಆಯಿತು, ಮಡಿ ಅಲ್ಲಿಗೆ ಮುಗಿಯಿತು. ಇದನ್ನು ನಿಮ್ಮಮ್ಮನಿಗೆ ಹೇಳಬೇಡ. ಪೊಟ್ಟಣಕ್ಕೆ ತಾಗಲಿಲ್ಲ, ನನಗೆ ತಾಗಿದ್ದು.

ನಿಮ್ಮಿ ಕಿಟಕಿಯಲ್ಲಿ ಕಾದಿದ್ದಳು. ಸೊರಗಿದ್ದಾಳೆ. ತಲೆಗೆ ಬಟ್ಟೆ ಕಟ್ಟಿಕೊಂಡಿದ್ದಳು. ಸ್ವರ ಒಡೆದಿದೆ, ಆದರೂ ನನ್ನ ಕಿವಿಗೆಂದು ಕೂಗಿದಳು.

"ಎಂತದು ಅಣ್ಣ, ಪಂಚೆಯಿಂದ ನೀರು ಇಳೀತಾ ಉಂಟು?"

"ಮಡಿಯಲ್ಲಿ ಮಾಡಿದ್ದು ಮಾರಾಯ್ತಿ, ಹಾಗೇ ಬಂದೆ."

"ರೈಲ್ವೆ ಸ್ಟೇಷನಿಗೆ ಮಡಿಯಲ್ಲಿ ಬರುವವ ಪ್ರಪಂಚದಲ್ಲಿ ನೀನೊಬ್ಬನೇ. ಜ್ವರ ಬಂದ್ರೆ ಯಾರು ನೋಡುದು ನಿನ್ನನ್ನು?"

"ನೀನು ಬಾ ನೋಡ್ಲಿಕ್ಕೆ."

ಎದುರು ಸೀಟಿನ ಮುದುಕಿ ಯಾರು ಎಂದು ಕೇಳಿರಬೇಕು. ನಿಮ್ಮಮ್ಮ ನನ್ನ ಕಡೆ ಕೈ ಮಾಡಿ "ಚೇಟ್ಟನ್" ಎಂದಳು. ಅಣ್ಣ ಎಂದು. ಪರರ ಎದುರು ಅವಳು ನನ್ನನ್ನು ಅಣ್ಣ ಎಂದದ್ದು ಮೊಟ್ಟೆಯ ನಂತರ ಅದೇ ಮೊದಲು. ಗಾಡಿ ಹೊರಟಿತು. ನಾನು ಪಕ್ಕದಲ್ಲೇ ಸ್ವಲ್ಪ ದೂರ ನಡೆದೆ, "ಬಿಸಿ ಇರುವಾಗಲೇ ತಿನ್ನು" ಎಂದು ಕೂಗುತ್ತಾ.

ತಿಂದಳಾ? ಹುಳಿ ಸರಿಯಿತ್ತಂತಾ? ಅವಳು ಹೇಳದಿದ್ದರೆ ನೀನು ಉಪಾಯದಲ್ಲಿ ಕೇಳಿ ಬರೆ. ಮುಂದಿನ ಸಲಕ್ಕೆ ನೇಂದ್ರಹಣ್ಣಿನ ಹಲ್ವ.

ನಿನ್ನ ಮಾವ
ಹಯವದನ

*

ಶ್ರೀಕಾರ್ಯಂ
8 ಮಾರ್ಚ್ 2024

ಮಾವನಿಗೆ ನಮಸ್ಕಾರ.

ಆಫೀಸಿನಲ್ಲಿ ಕೂತು ಅವಸರದಲ್ಲಿ ಬರೆಯುತ್ತಿದ್ದೇನೆ. ಪತ್ರೊಡೆಯ ಎಲೆ ಖಾಲಿ. ಹಲ್ವದ ಡಬ್ಬಿಯೂ ಖಾಲಿ. ಅಮ್ಮ ಅಷ್ಟು ಮಾತಾಡುವ ಸ್ಥಿತಿಯಲ್ಲಿ ಇರಲಿಲ್ಲ, ಹಾಗಾಗಿ ಹುಳಿಯ ಬಗ್ಗೆ ಕೇಳಲಾಗಲಿಲ್ಲ.

ಮಾವ, ಇಷ್ಟು ಕಷ್ಟಪಟ್ಟು ಮಾಡುವುದು ಬೇಡ. ಏನಾದರೂ ಮೆತ್ತಗಿನದ್ದು, ಸ್ವಲ್ಪವೇ ಸಾಕು. ನೀವು ಬಂದು ಕಿಟಕಿಯ ಹತ್ತಿರ ನಿಂತರೇ ಅವಳಿಗೆ ದೊಡ್ಡದು. ಆಲುವ ಬಂದಾಗಿನಿಂದ ತಂಪಾನೂರು ಮುಟ್ಟುವವರೆಗೆ ಮುಖದಲ್ಲಿ ಒಂದು ಗೆಲುವು ಇರುತ್ತದೆ ಎಂದು ಜೊತೆಯಲ್ಲಿ ಬರುವ ನಮ್ಮ ಚಿನ್ಮಯ್ ಹೇಳುತ್ತಾನೆ. ಚಿಕ್ಕಪ್ಪನ ಮಗನಾದರೂ ರಜೆ ಹಾಕಿ ಹಾಕಿ ಅವಳ ಜೊತೆ ಬರುತ್ತಿದ್ದಾನೆ.

ಇನ್ನೊಮ್ಮೆ ವಿವರವಾಗಿ ಬರೆಯುತ್ತೇನೆ.

ಮಹತಿ

*

ಪಳಂಚಂದ
5 ಏಪ್ರಿಲ್ 2024

ಮಹತಿಗೆ,

ಈ ಕಾಗದ ಬರೆಯಬಾರದು ಎಂದು ಎರಡು ದಿನ ಸುಮ್ಮನಿದ್ದೆ.

ಹಗಲು ಗಾಡಿಯಲ್ಲಿ ಟಿಕೆಟ್ ನೋಡುವ ಜಯಣ್ಣ ಎಂಬವರಿದ್ದಾರೆ, ದಾವಣಗೆರೆ ಕಡೆಯವರು, ನನ್ನ ಅಂಗಡಿಯ ಹಳೆಯ ಗಿರಾಕಿ. ಮೊನ್ನೆ ಇಲ್ಲಿ ಇಳಿದವರು ನನ್ನನ್ನು ಕಂಡು ತಬ್ಬಿಕೊಂಡೇಬಿಟ್ಟರು.

"ಏನ್ ಸ್ವಾಮಿ, ಏನ್ ಕೈ ನಿಮ್ದು! ಪತ್ರೊಡೆ ತಿಂದು ನಾಲಿಗೆ ಇನ್ನೂ ಚಪ್ಪರಿಸ್ತೈತಿ ನೋಡ್ರಿ."

"ನೀವೆಲ್ಲಿ ತಿಂದಿರಿ?" ಎಂದೆ.

"ನಿಮ್ ತಂಗ್ಯವ್ರು ಕೊಟ್ರಲ್ರಿ. ನಂಗಷ್ಟೇ ಅಲ್ಲ, ಇಡೀ ಡಬ್ಬಿಗೇ ಹಂಚ್ತಾರ್ರೀ ತಾಯಿ. ಪೊಟ್ಟಣ ಬಿಚ್ತಾರೆ, ಒಂದ್ಸಲ ಮೂಗಿನ ಹತ್ರ ಹಿಡೀತಾರೆ, ಆಮೇಲೆ ಎಲ್ರಿಗೂ ಕೊಡ್ತಾರೆ. ತಾವು ಒಂದ್ ಚೂರೂ ಬಾಯಿಗೆ ಹಾಕಂಗಿಲ್ಲ. ನೀವೂ ತಿನ್ರಮ್ಮ ಅಂದ್ರೆ ಕೈ ಅಡ್ಡ ಮಾಡ್ತಾರೆ. ಹಲ್ವದಾಗೂ ಹಂಗೇ."

ಅವರಿಗೆ ಸಂತೋಷ. ನಾನೂ ನಕ್ಕೆ. ಮನೆಗೆ ಬಂದು ಬಾಗಿಲು ಹಾಕಿಕೊಂಡೆ.

ಎಲೆ ಖಾಲಿಯಾಗಿ ಬಂತು ಎಂದು ನೀನು ಬರೆದೆ. ಸುಳ್ಳು ಬರೆಯಲಿಲ್ಲ, ಜಾಣೆ. ನಿಮ್ಮಮ್ಮನ ಮೇಲೂ ನನಗೆ ಸಿಟ್ಟಿಲ್ಲ. ಮಾತು ಅಂದರೆ ಮಾತು, ಅಪ್ಪಯ್ಯನ ಮಗಳಲ್ಲವೇ. ಆದರೆ ಬೇಡ ಎಂದು ಕಿಟಕಿಯಲ್ಲೇ ಹೇಳಬಹುದಿತ್ತು. ಕೈ ನೀಡಿ ತೆಗೆದುಕೊಂಡು, ಅಣ್ಣ ಎಂದು ಜನರೆದುರು ಹೇಳಿ, ನಾನು ಕಣ್ಮರೆಯಾದ ಮೇಲೆ ಭಿಕ್ಷೆಯ ಹಾಗೆ ಹಂಚುವುದು ಯಾಕೆ? ಜೀವ ಹೋಗುವ ಕಾಯಿಲೆಯಲ್ಲೂ ಒಂದು ತುಣುಕು ನುಂಗಲಾಗದಷ್ಟು ನನ್ನ ಕೈ ಹೊಲಸಾಯಿತೇ?

ಇನ್ನು ನಾನು ಪ್ಲಾಟ್‌ಫಾರ್ಮಿಗೆ ಹೋಗುವುದಿಲ್ಲ. ಅವಳ ಚಿಕಿತ್ಸೆ ಚೆನ್ನಾಗಿ ನಡೆಯಲಿ. ದೇವರಿಗೆ ದಿನವೂ ಕೈ ಮುಗಿಯುತ್ತೇನೆ, ಅದಕ್ಕೆ ಯಾರ ಅಪ್ಪಣೆಯೂ ಬೇಡವಲ್ಲ.

ಹಯವದನ

*

ಶ್ರೀಕಾರ್ಯಂ
29 ಏಪ್ರಿಲ್ 2024

ಮಾವ,

ನಿಮ್ಮ ಕಾಗದ ಬಂದ ದಿನವೇ ಬರೆಯಬೇಕಿತ್ತು. ಅಮ್ಮ ಬರೆಯಬೇಡ ಎಂದು ಆಣೆ ಹಾಕಿದ್ದಳು. ಈಗ ಆಣೆ ಮುರಿಯುತ್ತಿದ್ದೇನೆ.

ಗಡ್ಡೆ ಇರುವುದು ಅನ್ನನಾಳದಲ್ಲಿ. ಅನ್ನ ಇಳಿಯುವ ದಾರಿಯಲ್ಲೇ. ಡಿಸೆಂಬರಿನಿಂದ ಅವಳಿಗೆ ಗಟ್ಟಿ ಪದಾರ್ಥ ನುಂಗಲು ಆಗುತ್ತಿಲ್ಲ. ಮೊದಮೊದಲು ಮಜ್ಜಿಗೆ, ಹಾಲು ಇಳಿಯುತ್ತಿತ್ತು. ಈಗ ನೀರು ಕುಡಿದರೂ ಮೇಲೆ ಬರುತ್ತದೆ. ನಿಮ್ಮ ಕಡುಬನ್ನು ಅವಳು ಬೇಡವೆಂದು ಬಿಟ್ಟದ್ದಲ್ಲ ಮಾವ. ತಿನ್ನಲು ಆಗದೆ ಬಿಟ್ಟದ್ದು. ಎದೆಯಲ್ಲಿ ಗಡ್ಡೆ ಎಂದಷ್ಟೇ ನಿಮಗೆ ಹೇಳಲು ನನಗೆ ಅಪ್ಪಣೆ ಇತ್ತು.

ಹೋದ ಬುಧವಾರ ಬರುವಾಗ ಪಳಂಚಂದ ಹತ್ತಿರವಾದಂತೆ ಎದ್ದು ಬಾಗಿಲಿಗೆ ಹೋದಳಂತೆ. ಎದ್ದು ನಿಲ್ಲುವ ಶಕ್ತಿ ಅವಳಿಗೆ ಇಲ್ಲ. ಚಿನ್ಮಯ್ ಬೇಡ ಎಂದರೂ ಕಂಬಿ ಹಿಡಿದು ನಿಂತಳಂತೆ. ಸಂತೆಯ ಜನ ಹತ್ತುತ್ತಾ ಇಳಿಯುತ್ತಾ ಇದ್ದರು. "ಅಣ್ಣನಿಗೆ ಬೋಗಿ ಸಿಕ್ಕಲಿಲ್ಲವೋ ಏನೋ, ಮುಂದೆ ಹೋಗಿ ನೋಡು" ಎಂದು ಅವನನ್ನು ಇಳಿಸಿದಳಂತೆ. ಅವನು ಮುಂದೆ ಹಿಂದೆ ಓಡಿ ಕೊನೆಗೆ ಚಲಿಸುವ ಗಾಡಿ ಹತ್ತಿದ.

ಮನೆಗೆ ಬಂದ ಮೇಲೆ ನಿಮ್ಮ ಕಾಗದ ಓದಿಸಿಕೊಂಡಳು. ಓದಬಾರದಿತ್ತು, ನಾನೂ ಸಿಟ್ಟಿನಲ್ಲಿದ್ದೆ, ಓದಿದೆ.

ಔಷಧ ಹಿಡಿಯಲಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಇನ್ನು ಕಾಸರಗೋಡಿಗೆ ಹಿಂದೆ ಹೋಗುವುದಿಲ್ಲ, ನನ್ನ ಹತ್ತಿರವೇ ಇರುತ್ತಾಳೆ. ಹೊಟ್ಟೆಗೆ ಒಂದು ನಳಿಗೆ ಇಟ್ಟಿದ್ದಾರೆ, ಅದರಲ್ಲೇ ಎಲ್ಲ. ಸ್ವರ ಪೂರ್ತಿ ಹೋಗಿದೆ. ಏನಿದ್ದರೂ ಸಂಹಿತಾಳ ಚಿತ್ರದ ಪುಸ್ತಕದಲ್ಲಿ ಬರೆದು ತೋರಿಸುತ್ತಾಳೆ.

ನಿಮ್ಮ ಮೇಲೆ ನನಗೆ ಈಗ ಸಿಟ್ಟಿಲ್ಲ. ಯಾರ ಮೇಲೆ ಎಂದೂ ಗೊತ್ತಾಗುತ್ತಿಲ್ಲ.

ಮಹತಿ

*

ಶ್ರೀಕಾರ್ಯಂ
11 ಮೇ 2024

ಅಣ್ಣನಿಗೆ ನಿರ್ಮಲ ಮಾಡುವ ನಮಸ್ಕಾರ.

ಮಹತಿ ಆಣೆ ಮುರಿದಳು ಎಂದು ತಿಳಿಯಿತು. ಈ ಕಾಲದವರಿಗೆ ಆಣೆಯ ಬೆಲೆ ಇಲ್ಲ. ಮಲಗಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಅಂಕ ಕಳೆಯಬೇಡ.

ನೀನು ಮುಚ್ಚಿದ ಬಾಗಿಲ ಹಿಂದೆ ಕೂತು ಏನು ಮಾಡುತ್ತಿದ್ದೀ ಎಂದು ನನಗೆ ಗೊತ್ತು. ಮಾಡಬೇಡ. ನಿನಗೆ ಹೇಳಬೇಡ ಎಂದವಳು ನಾನು. ನುಂಗಲಾಗುವುದಿಲ್ಲ ಎಂದು ಗೊತ್ತಾದರೆ ನೀನು ಬರಿಗೈಯಲ್ಲಿ ಬಂದು ಕಿಟಕಿ ಹಿಡಿದು ಅಳುತ್ತಿದ್ದೆ. ಕೈಯಲ್ಲಿ ಪೊಟ್ಟಣ ಇದ್ದರೆ ನೀನು ಅಳುವುದಿಲ್ಲ, ಬಿಸಿಯಿರುವಾಗ ತಿನ್ನು ಎಂದು ಬೊಬ್ಬೆ ಹಾಕುತ್ತೀ. ನನಗೆ ಆ ಬೊಬ್ಬೆ ಬೇಕಿತ್ತು. ತಿನ್ನುವ ಜನರ ಮುಖ ನೋಡುವುದೂ ಬೇಕಿತ್ತು. ಪತ್ರೊಡೆಗೆ ಹುಳಿ ಸಾಲದು ಎಂದು ಪಯ್ಯನೂರಿನ ಒಬ್ಬಳು ಹೇಳಿದಳು. ನನಗೂ ಪರಿಮಳದಲ್ಲಿ ಹಾಗೆಯೇ ಅನ್ನಿಸಿತ್ತು.

ಮೊಟ್ಟೆಯ ವಿಷಯದಲ್ಲಿ ನಾನು ಸೋಲಲಿಲ್ಲ. ಎಂಟು ಜನರ ಹೊಟ್ಟೆ ಎಂದೆ ನೀನು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ, ಆದರೆ ಮೋಹಿನಿ ಅತ್ತಿಗೆ ಸತ್ತ ದಿನ ಒಂದು ಲೋಟ ನೀರು ಕುಡಿಯಬಹುದಿತ್ತು. ಬಿಸಿಲು ಬಹಳ ಇತ್ತು.

ಈಗ ಕೆಲಸವಿಲ್ಲದೆ ಮಲಗಿ ಒಂದು ಸಂಗತಿ ಯೋಚಿಸಿದೆ. ನಳಿಗೆಯಲ್ಲಿ ಹೋಗುವುದಕ್ಕೆ ಆಪೋಶನ ಇಲ್ಲ, ತುತ್ತು ಇಲ್ಲ, ಎಂಜಲು ಇಲ್ಲ. ಹಾಗಾದ ಮೇಲೆ ಅದು ಊಟವೇ ಅಲ್ಲ. ನಾನು ಅಂದದ್ದು ಬಾಯಿಯ ಮಾತು, ಹೊಟ್ಟೆಯದ್ದಲ್ಲ. ನೀನು ಬೇಯಿಸಿದ ಗಂಜಿಯ ತಿಳಿ ನಳಿಗೆಯಲ್ಲಿ ಇಳಿದರೆ ನನ್ನ ಮಾತು ತಪ್ಪಿದ ಹಾಗೆ ಆಗುವುದಿಲ್ಲ. ಇದಕ್ಕೆ ವಿರುದ್ಧ ಏನಾದರೂ ಇದ್ದರೆ ಬಂದು ವಾದಿಸು. ನಿನಗೆ ಕಿವಿ ಇಲ್ಲ, ನನಗೆ ಸ್ವರ ಇಲ್ಲ, ಜಗಳ ನೆರೆಮನೆಗೆ ಕೇಳಿಸುವುದಿಲ್ಲ.

ಮಹತಿಯ ಗಂಜಿ ಗೋಂದಿನ ಹಾಗೆ ಇರುತ್ತದೆ.

ತಂಗಿ
ನಿರ್ಮಲ

*

ಪಳಂಚಂದ
17 ಮೇ 2024

ನಿಮ್ಮಿ,

ವಾದ ಇಲ್ಲ. ಬರುತ್ತಿದ್ದೇನೆ.

ಸೋಮವಾರದ ಹಗಲು ಗಾಡಿಗೆ ಟಿಕೆಟ್ ತೆಗೆದೆ. ಬರುವ ತಿಂಗಳಿಂದ ಅದು ಇಲ್ಲಿ ನಿಲ್ಲುವುದಿಲ್ಲವಂತೆ, ಸ್ಟೇಷನಿನ ಗೋಡೆಗೆ ಕಾಗದ ಅಂಟಿಸಿದ್ದಾರೆ. ಸಂತೆಯ ವ್ಯಾಪಾರಿಗಳು ಸಹಿ ಹಾಕಿಸಿ ಎಂಪಿಗೆ ಕೊಡುತ್ತಾರಂತೆ. ಕಾರ್ತಿಕೇಯ ನನ್ನ ಸಹಿಯನ್ನೂ ಕೇಳಿದ. ಹಾಕಿದೆ. ಇಷ್ಟು ವರ್ಷ ಆ ಗಾಡಿಗೆ ಸಾವಿರಾರು ಜನರನ್ನು ಹತ್ತಿಸಿದ್ದೇನೆ, ನಾನು ಹತ್ತಿದ್ದು ಕಡಿಮೆ.

ಕುಚ್ಚಲಕ್ಕಿ ಊರಿನದ್ದೇ ತರುತ್ತೇನೆ. ಅಲ್ಲಿಯ ಅಂಗಡಿಯಲ್ಲಿ ಒಳ್ಳೆಯದು ಸಿಗುತ್ತದೆ ಎಂದು ಮಹತಿ ಹೇಳಿದರೆ ನಂಬಬೇಡ.

ಆ ಬುಧವಾರ ನಾನು ಮನೆಯಲ್ಲೇ ಇದ್ದೆ. ಗಾಡಿಯ ಸದ್ದು ನನಗೆ ಕೇಳುವುದಿಲ್ಲ, ಆದರೆ ಬಂದರೆ ನೆಲ ಅದುರುತ್ತದೆ. ಅದುರಿತು. ಇನ್ನು ಬರೆಯಲು ಆಗುವುದಿಲ್ಲ.

ಅಣ್ಣ

*

ಪಳಂಚಂದ
21 ಜುಲೈ 2024

ಚಿ. ಸೌ. ಮಹತಿಗೆ,

ನಿನ್ನೆ ಮನೆ ಮುಟ್ಟಿದೆ. ಕಾಸರಗೋಡಿನಲ್ಲಿ ನಿಮ್ಮಮ್ಮನ ಹದಿಮೂರರ ಕೆಲಸ ಸುಸೂತ್ರ ಆಯಿತಲ್ಲ, ಅದೊಂದು ಸಮಾಧಾನ. ಅಡುಗೆಗೆ ಉಡುಪಿಯ ಭಟ್ಟರನ್ನು ಕರೆಸಿದ್ದೇ ಒಳ್ಳೆಯದಾಯಿತು. ನೀನು ನನ್ನನ್ನು ಕೇಳಿದೆ, ನಾನು ಬೇಡ ಎಂದೆ. ಯಾರೋ ಏನೋ ಅನ್ನುತ್ತಾರೆ ಎಂದಲ್ಲ. ನನಗೇ ಕೈ ಬರಲಿಲ್ಲ.

ಬರುವಾಗ ಗಾಡಿ ಪಳಂಚಂದದಲ್ಲಿ ನಿಲ್ಲಲಿಲ್ಲ. ಕಿಟಕಿಯ ಹತ್ತಿರ ಕೂತಿದ್ದೆ. ಬೋರ್ಡು, ಅಂಗಡಿಯ ಮುಚ್ಚಿದ ಹಲಗೆ, ನೀರಿನ ನಲ್ಲಿ, ಹಸಿರು ಬಾವುಟ ಹಿಡಿದ ಮಾಸ್ತರರು, ಎಲ್ಲ ಒಂದರ ಮೇಲೊಂದು ಬಿದ್ದ ಹಾಗೆ ಹೋಯಿತು. ಅಲ್ಲಿ ಯಾರು ನಿಂತಿದ್ದರು ಎಂದು ಗುರುತು ಹಿಡಿಯುವಷ್ಟರಲ್ಲಿ ಗದ್ದೆ ಬಂತು. ಆಲುವದಲ್ಲಿ ಇಳಿದೆ. ಏಲೂರಿನ ಕಾರ್ಖಾನೆ ಬಿಟ್ಟ ಹೊತ್ತು, ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಒಬ್ಬ ಹುಡುಗಿ ಎದ್ದು ಸೀಟು ಕೊಟ್ಟಳು.

ಮಗಾ, ನಿನಗೆ ಒಂದು ಹೇಳುವುದು ಉಳಿದಿದೆ. ಅಲ್ಲಿರುವಾಗ ಹೇಳಲಾಗಲಿಲ್ಲ, ಜನ ತುಂಬಿದ್ದರು.

ಅವಳನ್ನು ಆಸ್ಪತ್ರೆಗೆ ಸೇರಿಸಿದ ದಿನದ ಮಧ್ಯಾಹ್ನ. ನೀನು ಆಫೀಸಿಗೆ, ಅಜಿತ್ ಕೆಲಸಕ್ಕೆ, ಮಗು ಶಾಲೆಗೆ. ದಿನವೂ ಮಾಡುವ ಹಾಗೆ ಕುಚ್ಚಲಕ್ಕಿಯ ತಿಳಿ ಬಸಿದು, ಬಟ್ಟೆಯಲ್ಲಿ ಸೋಸಿ, ಆರಿಸಿ ತಂದು ಅವಳ ಪಕ್ಕ ಕೂತೆ. ಇಷ್ಟು ದಿನ ಪ್ರತಿ ಸಲವೂ ನಾನು "ನಿಮ್ಮಿ, ನಾನು ಮಾಡಿದ್ದು, ಹಾಕಲಾ?" ಎಂದು ಕೇಳುವುದು, ಅವಳು ನ್ಯಾಯಾಧೀಶರ ಹಾಗೆ ಆಗಬಹುದು ಎಂದು ತಲೆಯಾಡಿಸುವುದು ನಡೆದಿತ್ತು. ನೀನು ನೋಡಿ ನಕ್ಕಿದ್ದೀ. ಆ ದಿನವೂ ಕೇಳಿದೆ. ಅವಳು ತಲೆಯಾಡಿಸಲಿಲ್ಲ. ನಳಿಗೆಯ ಮೇಲೆ ಅಂಗೈ ಇಟ್ಟು ಮುಚ್ಚಿದಳು.

ಬೇಡ ಎಂದಳು ಎಂದುಕೊಂಡೆ. ಬಟ್ಟಲು ಕೆಳಗಿಟ್ಟೆ. ಅವಳು ನನ್ನ ಕೈ ಹಿಡಿದೆಳೆದು ತನ್ನ ಬಾಯಿಯನ್ನು ತೋರಿಸಿದಳು.

ಒಂದು ಹನಿಯೂ ಬಾಯಿಂದ ಹೋಗಬಾರದು, ಶ್ವಾಸಕೋಶಕ್ಕೆ ಇಳಿಯುತ್ತದೆ ಎಂದು ಬೆಳಿಗ್ಗೆ ಬರುವ ನರ್ಸಮ್ಮ ನನಗೆ ಸನ್ನೆ ಮಾಡಿ ಮಾಡಿ ಹೇಳಿದ್ದರು. "ಅದು ಆಗುದಿಲ್ಲ ನಿಮ್ಮಿ" ಎಂದೆ. ಅವಳು ಪುಸ್ತಕ ತೆಗೆದುಕೊಂಡು ಬರೆದಳು. ನೀನು ನೋಡಿರಬಹುದು, ಮಗು ಬರೆದ ಆನೆಯ ಕಾಲಿನ ಹತ್ತಿರ ಇದೆ. "ಮಾತು ನನ್ನದು. ನಾನೇ ಬಿಡುತ್ತೇನೆ."

ಕೈ ತೊಳೆದು ಬಂದೆ. ಬೆರಳನ್ನು ತಿಳಿಯಲ್ಲಿ ಅದ್ದಿ, ಕೊಡವಿ, ಅವಳ ನಾಲಿಗೆಗೆ ಮುಟ್ಟಿಸಿದೆ. ಅಷ್ಟೇ. ಅವಳು ಕಣ್ಣು ಮುಚ್ಚಿ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಬಹಳ ಹೊತ್ತು ಇದ್ದಳು. ಕೆಮ್ಮು ಬರಲಿಲ್ಲ. ಆಮೇಲೆ ಪೆನ್ಸಿಲ್ ಹಿಡಿದಳು. ಏನು ಬರೆಯುತ್ತಾಳೋ ಎಂದು ಬಗ್ಗಿ ನೋಡಿದೆ.

"ಉಪ್ಪು ಇಲ್ಲ" ಎಂದು ಬರೆದಳು.

"ಹಾಕಬಾರದು ಅಂತ ಹೇಳಿದ್ದಾರೆ ಮಾರಾಯ್ತಿ" ಎಂದೆ.

ನನ್ನ ಮುಖ ನೋಡಿದಳು. ಕೆಳಗೆ ಇನ್ನೊಂದು ಶಬ್ದ ಬರೆದಳು. "ಹಾಕು."

ಬಟ್ಟಲು ಹಿಡಿದುಕೊಂಡು ಒಳಗೆ ಹೋದೆ. ನಿನ್ನ ಅಡುಗೆಮನೆಯಲ್ಲಿ ಎಲ್ಲ ಡಬ್ಬಿಯೂ ಒಂದೇ ಥರ. ಸಕ್ಕರೆ ಸಿಕ್ಕಿತು, ರವೆ ಸಿಕ್ಕಿತು, ಸೋಡಾಪುಡಿ ನಾಲಿಗೆಗೆ ಹಾಕಿ ಉಗಿದೆ. ಕೊನೆಗೆ ಮೇಲಿನ ಕಪಾಟಿನಲ್ಲಿ, ಸ್ಟೂಲು ಹತ್ತಿದ ಮೇಲೆ, ಉಪ್ಪು ಸಿಕ್ಕಿತು. ಒಂದು ಚಿಟಿಕೆ ಹಾಕಿ, ಚೆನ್ನಾಗಿ ಕದಡಿ ತಂದೆ. ಅಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿತ್ತು. ಆ ವಾರ ಅವಳು ನಿದ್ದೆ ಮಾಡಿದ್ದೇ ಇರಲಿಲ್ಲ, ನಿನಗೆ ಗೊತ್ತುಂಟು. ಬಾಯಿ ಸ್ವಲ್ಪ ತೆರೆದಿತ್ತು.

ಎಬ್ಬಿಸಲಿಲ್ಲ. ಎದ್ದ ಮೇಲೆ ಕೊಡುವ ಎಂದು ಬಟ್ಟಲಿಗೆ ತಟ್ಟೆ ಮುಚ್ಚಿ ಕೂತೆ. ಸಂಜೆಗೆ ಉಸಿರಾಟ ಬೇರೆಯಾಯಿತು, ನೀನು ಬಂದೆ, ಆಮೇಲಿನದ್ದು ಎಲ್ಲ ನಿನಗೆ ತಿಳಿದದ್ದೇ. ಆ ಬೆರಳಿನಿಂದ ಏನಾದರೂ ಆಯಿತೋ ಎಂದು ಡಾಕ್ಟರನ್ನು ಕೇಳಿದೆ. ಇಲ್ಲ ಎಂದು ಅವರು ನನ್ನ ಭುಜ ತಟ್ಟಿದರು.

ನೀವೆಲ್ಲ ಆಸ್ಪತ್ರೆಗೆ ಹೋದ ಮೇಲೆ ಆ ತಿಳಿಯನ್ನು ಚೆಲ್ಲಲು ಮನಸ್ಸು ಬರಲಿಲ್ಲ. ಅವಳ ಮಂಚದ ಪಕ್ಕ ಕೂತು ನಾನೇ ಕುಡಿದೆ. ಉಪ್ಪು ಸರಿಯಾಗಿತ್ತು.

ನಿನ್ನ ಮಾವ
ಹಯವದನ